ಹಳೇ ಎಂಜಿ ಕಾರಿಗೆ ಅಸಲಿ ಬಿಡಿಭಾಗ ಹುಡುಕುವ ಕ್ರಮ

"ಮನೇಲಿ ಹಳೇ ಎಂಜಿ ಇದೆ, ಮತ್ತೆ ಓಡೋ ಹಾಗೆ ಮಾಡಿಸಬೇಕು. ಒರಿಜಿನಲ್ ಪಾರ್ಟ್ಸ್ ಬೆಂಗಳೂರಲ್ಲಿ ಎಲ್ಲಿ ಸಿಗುತ್ತೆ?" ಓದುಗರು ಬಿಡದೆ ಕೇಳುವ ಪ್ರಶ್ನೆ ಇದು. ಕೇಳುವವರಿಗೆ ಬೇಕಿರುವುದು ಅಂಗಡಿಯ ವಿಳಾಸ. ಆದರೆ ಹುಡುಕಾಟ ಕೆಡುವುದು ಹೆಚ್ಚಾಗಿ ಅಂಗಡಿ ಸಿಗದೆ ಅಲ್ಲ. ತಮಗೆ ಬೇಕಿರುವುದು ನಿಖರವಾಗಿ ಯಾವ ಪಾರ್ಟು ಎಂದು ಗೊತ್ತಿಲ್ಲದೆ. ಹಾಗಾಗಿ ಈ ಲೇಖನದ ಅರ್ಧ ಭಾಗ ಜೇಬಿಗೆ ಕೈಹಾಕುವ ಮೊದಲು ಮಾಡಬೇಕಾದ ಕೆಲಸದ ಬಗ್ಗೆಯೇ ಇದೆ.

ಇಲ್ಲಿ ಹೇಳುವುದು ಬ್ರಿಟಿಷ್ ಕಂಪನಿ ಎಂಜಿಯ ಟಿ ಸಾಲಿನ ಎರಡು ಸೀಟಿನ ಕಾರುಗಳ ಬಗ್ಗೆ: ಟಿಸಿ (1945–49), ಟಿಡಿ (1949–53), ಟಿಎಫ್ (1953–55). ಮೂರೂ ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯವು. ಟಿಸಿ ಸುಮಾರು 10,000, ಟಿಡಿ 29,664, ಟಿಎಫ್ 9,600 ತಯಾರಾದವು. ಬಿಡಿಭಾಗದ ಲಭ್ಯತೆಯೂ ಹೆಚ್ಚುಕಡಿಮೆ ಇದೇ ಲೆಕ್ಕದಲ್ಲಿದೆ. ಟಿಡಿ ಇರುವವರು ಅದೃಷ್ಟವಂತರು. ಅಂದಹಾಗೆ, ಈಗಿನ ಎಂಜಿ ಷೋರೂಮಿಗೆ ಹೋಗಿ ಕೇಳಬೇಡಿ. ಉಳಿದಿರುವುದು ಹೆಸರು ಮಾತ್ರ.

ಮೊದಲು ನಾಲ್ಕು ಪದ ತಿಳಿದಿರಲಿ. ಮಾರುವವರು ಇವನ್ನು ಬೇಕೆಂದೇ ಕಲಸುತ್ತಾರೆ. "ಎನ್‌ಒಎಸ್" ಎಂದರೆ ಆ ಕಾಲದಲ್ಲೇ ತಯಾರಾಗಿ, ಮಾರಾಟವಾಗದೆ ಡಬ್ಬಿಯಲ್ಲೇ ಉಳಿದ ಹೊಸ ಸರಕು. "ಯೂಸ್ಡ್ ಒರಿಜಿನಲ್" ಎಂದರೆ ಬೇರೆ ಕಾರಿನಿಂದ ಬಿಚ್ಚಿದ ಅಸಲಿ ಭಾಗ. "ರೀಕಂಡೀಷನ್ಡ್" ಎಂದರೆ ಅಸಲಿ ಭಾಗವನ್ನೇ ಬಿಚ್ಚಿ, ಸವೆದದ್ದನ್ನು ಬದಲಿಸಿ ಮತ್ತೆ ಜೋಡಿಸಿದ್ದು. "ರೀಪ್ರೊಡಕ್ಷನ್" ಎಂದರೆ ಈಗ ಹೊಸದಾಗಿ ಮಾಡಿದ ನಕಲು. ನಕಲೆಲ್ಲ ಕೆಟ್ಟದ್ದಲ್ಲ, ಅಸಲಿಯ ಬೆಲೆ ಕೊಟ್ಟು ನಕಲು ಕೊಳ್ಳುವುದು ಮಾತ್ರ ಕೆಟ್ಟದ್ದು.

ಕೈಯಲ್ಲಿರಬೇಕಾದ ಸಾಮಾನು: ವರ್ನಿಯರ್ ಕ್ಯಾಲಿಪರ್, ಥ್ರೆಡ್ ಅಳೆಯುವ ಪಿಚ್ ಗೇಜ್ (55 ಡಿಗ್ರಿಯದೂ 60 ಡಿಗ್ರಿಯದೂ), ಸಣ್ಣ ಆಯಸ್ಕಾಂತ, ಟಾರ್ಚು, ನಿಮ್ಮ ಮಾಡೆಲ್ಲಿನ ಕಾರ್ಖಾನೆಯ ಪಾರ್ಟ್ಸ್ ಲಿಸ್ಟ್ (ಮರುಮುದ್ರಣ ಸಿಗುತ್ತದೆ), ಒಂದು ನೋಟ್‌ಬುಕ್ಕು.

1. ಕಾರಿನ ಗುರುತು ಓದಿ

ಟಿಡಿಯಲ್ಲಿ ಚಾಸಿಸ್ ನಂಬರು ಮುಂಭಾಗದ ಎಡಗಡೆಯ ಚಾಸಿಸ್ ತುದಿಯಲ್ಲಿ ಒತ್ತಿರುತ್ತದೆ. ಬಣ್ಣ, ಗ್ರೀಸು ಕೆರೆದರೆ ಕಾಣುತ್ತದೆ. ಗ್ರೈಂಡರ್ ಹಿಡಿಯಬೇಡಿ, ಪೇಂಟ್ ರಿಮೂವರ್ ಮತ್ತು ಹಿತ್ತಾಳೆ ಬ್ರಷ್ ಸಾಕು. ಎಂಜಿನ್ ನಂಬರು ಬ್ಲಾಕಿಗೆ ರಿವೆಟ್ ಹೊಡೆದ ಎಂಟು ಮೂಲೆಯ ಹಿತ್ತಾಳೆ ಪ್ಲೇಟಿನಲ್ಲಿದೆ. ಎರಡನ್ನೂ ಆರ್‌ಸಿಯ ಜೊತೆ ಹೋಲಿಸಿ. ಎಂಜಿನ್ ನಂಬರು ಹೊಂದದಿದ್ದರೆ ಆರ್‌ಟಿಒ ದಾಖಲೆ ಸರಿಪಡಿಸುವ ಕೆಲಸವೇ ಮೊದಲು, ಪಾರ್ಟ್ಸ್ ಆಮೇಲೆ.

ಎಂಜಿನ್ ನಂಬರಿನ ಮುಂದಿರುವ ಅಕ್ಷರಗಳೇ ನಿಮ್ಮ ಅರ್ಧ ದುಡ್ಡು ಉಳಿಸುತ್ತವೆ. 1,250 ಸಿಸಿ ಎಂಜಿನ್ನಿನ ಹೆಸರು ಎಕ್ಸ್‌ಪಿಎಜಿ. ಕೊನೆಯ ಟಿಎಫ್‌ಗಳ 1,466 ಸಿಸಿಯದು ಎಕ್ಸ್‌ಪಿಇಜಿ. ಟಿಡಿಯಲ್ಲಿ "ಎಕ್ಸ್‌ಪಿಎಜಿ/ಟಿಡಿ" ಎಂದಿದ್ದರೆ ಕ್ಲಚ್ 7¼ ಇಂಚಿನದು, "ಎಕ್ಸ್‌ಪಿಎಜಿ/ಟಿಡಿ2" ಎಂದಿದ್ದರೆ 8 ಇಂಚಿನದು, ಫ್ಲೈವೀಲೂ ಬೇರೆ. ಸಿಲಿಂಡರ್ ಹೆಡ್ಡಿನಲ್ಲೂ ಎರಡು ಜಾತಿ. ಮೊದಲಿನದರಲ್ಲಿ ನೀರಿನ ಕಿಂಡಿಗಳು ಉದ್ದುದ್ದ, ಸ್ಪಾರ್ಕ್ ಪ್ಲಗ್ಗಿನ ಥ್ರೆಡ್ ಭಾಗ ½ ಇಂಚು. ಟಿಡಿ2ರ ಕೊನೆಯ ಹೊತ್ತಿಗೆ ಕಿಂಡಿಗಳು ದುಂಡಗಾದವು, ಪ್ಲಗ್ಗು ¾ ಇಂಚಾಯಿತು. ಗ್ಯಾಸ್ಕೆಟ್ ತರಿಸುವ ಮೊದಲು ಕಿಂಡಿಯ ಆಕಾರ ನೋಡಿ. ½ ಇಂಚಿನ ಹೆಡ್ಡಿಗೆ ¾ ಇಂಚಿನ ಪ್ಲಗ್ಗು ಹಾಕಿದರೆ ತುದಿ ಕಂಬಷನ್ ಚೇಂಬರಿನೊಳಕ್ಕೆ ಚಾಚಿ, ಕೆಂಪಗೆ ಕಾದು, ಪಿಸ್ಟನ್ನಿಗೋ ವಾಲ್ವಿಗೋ ಅಪಾಯ.

ಎಪ್ಪತ್ತು ವರ್ಷದಲ್ಲಿ ಯಾರು ಯಾವ ಹೆಡ್ಡು ಹಾಕಿದ್ದಾರೋ ಹೇಳಲಾಗದು. ಎಂಜಿನ್ ನಂಬರಿನ ಪ್ಲೇಟು ಹೇಳಿದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ನಂಬಿ.

2. ಬಿಚ್ಚಿದ್ದೊಂದನ್ನೂ ಎಸೆಯಬೇಡಿ

ಗ್ಯಾರೇಜಿನವರಿಗೆ ಮೊದಲ ದಿನವೇ ಸ್ಪಷ್ಟವಾಗಿ ಹೇಳಿ: ಮುರಿದ ಬ್ರಾಕೆಟ್ಟು, ತುಕ್ಕು ಹಿಡಿದ ಸ್ಪ್ರಿಂಗು, ಚಪ್ಪಟೆಯಾದ ವಾಷರು, ಹರಿದ ರಬ್ಬರು ಯಾವುದೂ ಗುಜರಿಗೆ ಹೋಗಕೂಡದು. ಒಂದೊಂದು ಜಾಗದ್ದನ್ನು ಒಂದೊಂದು ಕವರಿಗೆ ಹಾಕಿ, ಒಳಗೊಂದು ಹೊರಗೊಂದು ಚೀಟಿ ಬರೆದು, ಬಿಚ್ಚುವ ಮೊದಲಿನ ಫೋಟೊದ ನಂಬರನ್ನೂ ಅದರಲ್ಲಿ ಹಾಕಿಡಿ. ಬೇರೆಲ್ಲೂ ಸಿಗದ ಭಾಗಕ್ಕೆ ಅಳತೆ, ಲೋಹ, ಥ್ರೆಡ್ ಎಲ್ಲ ಹೇಳುವುದು ನಿಮ್ಮ ಮುರುಕು ತುಂಡೇ. ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಯ ಯಾವ ಕೌಂಟರಿನಲ್ಲಿ ನಿಂತರೂ ಮೊದಲ ಮಾತು "ಸ್ಯಾಂಪಲ್ ತಂದಿದೀರಾ?" ಎಂಬುದೇ.

ಡೈನಮೋ, ಸ್ಟಾರ್ಟರ್, ಡಿಸ್ಟ್ರಿಬ್ಯೂಟರಿನಂಥ ಲೂಕಾಸ್ ಕಂಪನಿಯ ಎಲೆಕ್ಟ್ರಿಕಲ್ ಸಾಮಾನಿನ ಮೇಲೆ ಮಾಡೆಲ್ ಹೆಸರು, ಪಾರ್ಟ್ ನಂಬರು, ತಯಾರಾದ ತಿಂಗಳು-ವರ್ಷ ಒತ್ತಿರುತ್ತದೆ. "4 51" ಎಂದರೆ 1951ರ ಏಪ್ರಿಲ್. ಕಾರು ತಯಾರಾದ ದಿನಕ್ಕಿಂತ ಒಂದೆರಡು ತಿಂಗಳು ಹಿಂದಿನ ತಾರೀಕಿದ್ದರೆ ಅದು ಕಾರಿನ ಜೊತೆಯೇ ಬಂದದ್ದಿರಬೇಕು. ಅಂಥದ್ದನ್ನು ಕೆಟ್ಟಿದೆ ಎಂದು ಬದಲಿಸುವ ಬದಲು ರೀವೈಂಡಿಂಗ್ ಮಾಡಿಸಿ. ಎಸ್‌ಯು ಕಂಪನಿಯ ಕಾರ್ಬುರೇಟರಿನ ಮುಚ್ಚಳದ ಸ್ಕ್ರೂವಿಗೆ ಸಿಕ್ಕಿಸಿದ ಚಿಕ್ಕ ಹಿತ್ತಾಳೆ ಬಿಲ್ಲೆಯೂ ಹಾಗೆಯೇ: ಅದು ಯಾವ ಕಾರಿಗೆ ಹೊಂದಿಸಿದ ಕಾರ್ಬುರೇಟರು ಎಂದು ಅದರ ಮೇಲಿನ ನಂಬರು ಹೇಳುತ್ತದೆ. ಸೀಮೆಎಣ್ಣೆಯಲ್ಲಿ ತೊಳೆಯುವಾಗ ಕಳೆದುಹೋಗುವ ಮೊದಲ ವಸ್ತು ಅದೇ.

3. ಥ್ರೆಡ್ ಅಳೆಯಿರಿ

ಅತಿ ಹೆಚ್ಚು ಹಾಳಾಗುವುದು ಇಲ್ಲಿ. ಒಂದೇ ಕಾರಿನಲ್ಲಿ ನಾಲ್ಕು ಬಗೆಯ ಥ್ರೆಡ್ ಇದೆ. ಚಾಸಿಸ್ಸಿನಲ್ಲಿ ಬಿಎಸ್‌ಎಫ್ (ಬ್ರಿಟಿಷ್ ಸಣ್ಣ ಥ್ರೆಡ್), ಎಲೆಕ್ಟ್ರಿಕಲ್ ಸಾಮಾನಿನಲ್ಲಿ ಬಿಎ (ಪುಟ್ಟ ಸ್ಕ್ರೂಗಳ ಬ್ರಿಟಿಷ್ ಥ್ರೆಡ್), ಆಯಿಲ್ ಪೈಪಿನ ಕೀಲುಗಳಲ್ಲಿ ಬಿಎಸ್‌ಪಿ (ಬ್ರಿಟಿಷ್ ಪೈಪ್ ಥ್ರೆಡ್). ಎಂಜಿನ್ನಿನಲ್ಲಿ ಮಾತ್ರ ಮೆಟ್ರಿಕ್! ಈ ಎಂಜಿನ್ ಮಾಡಿದ ಕೊವೆಂಟ್ರಿಯ ಕಾರ್ಖಾನೆ ಮೊದಲು ಫ್ರಾನ್ಸಿನ ಹಾಚ್‌ಕಿಸ್ ಕಂಪನಿಯದಾಗಿತ್ತು. ಯಂತ್ರಗಳೆಲ್ಲ ಮೆಟ್ರಿಕ್ ಆಗಿದ್ದುದರಿಂದ ಥ್ರೆಡ್ ಹಾಗೆಯೇ ಉಳಿಯಿತು. ಆದರೆ ಇಂಗ್ಲೆಂಡಿನ ಮೆಕ್ಯಾನಿಕ್ಕುಗಳ ಸ್ಪ್ಯಾನರಿಗೆ ಹೊಂದಲೆಂದು ಬೋಲ್ಟಿನ ತಲೆಯನ್ನು ವಿಟ್‌ವರ್ತ್ ಎಂಬ ಹಳೇ ಬ್ರಿಟಿಷ್ ಅಳತೆಗೆ ಮಾಡಿದರು. ತಲೆ ನೋಡಿ ಥ್ರೆಡ್ ಊಹಿಸಿದರೆ ಕೆಟ್ಟಿರಿ.

10 ಎಂಎಂ ಬೋಲ್ಟಿನ ಪಿಚ್ (ಒಂದು ಥ್ರೆಡ್ಡಿನಿಂದ ಮುಂದಿನದಕ್ಕಿರುವ ಅಂತರ) 1.5 ಎಂಎಂ. ಈಗಿನ ಅಂಗಡಿಯದೂ ಅದೇ, ತಲೆಯ ಅಳತೆ ಮಾತ್ರ ಬೇರೆ. 8 ಎಂಎಂನದು 1.0 ಪಿಚ್, ಈಗ ಕೌಂಟರಿನಲ್ಲಿ ಕೊಡುವ ಸಾಮಾನ್ಯ 8 ಎಂಎಂ ಬೋಲ್ಟು 1.25. ಎರಡು ಸುತ್ತು ಸಲೀಸಾಗಿ ಹೋಗುತ್ತದೆ, ಮೂರನೆಯದಕ್ಕೆ ಬಿಗಿಯುತ್ತದೆ, "ತುಕ್ಕಿರಬೇಕು" ಅಂತ ಒತ್ತಿ ತಿರುಗಿಸಿದರೆ ಬ್ಲಾಕಿನ ಥ್ರೆಡ್ ಹೋಯಿತು. ಚಾಸಿಸ್ಸಿನಲ್ಲೂ ಇದೇ ಬಲೆ: 5/16 ಇಂಚಿನ ಬಿಎಸ್‌ಎಫ್‌ಗೆ ಇಂಚಿಗೆ 22 ಥ್ರೆಡ್, ಅಮೆರಿಕದ ಯುಎನ್‌ಎಫ್‌ಗೆ 24. 3/8 ಇಂಚಿನಲ್ಲಿ 20 ಮತ್ತು 24. ಥ್ರೆಡ್ಡಿನ ಕೋನವೂ 55 ಮತ್ತು 60 ಡಿಗ್ರಿ ಎಂದು ಬೇರೆ. ಹೊಂದಿದಂತೆ ಕಂಡರೂ ಭಾರ ಹಿಡಿಯುವುದಿಲ್ಲ. ಸ್ಟೀರಿಂಗು, ಬ್ರೇಕು, ಸಸ್ಪೆನ್ಷನ್ನಿನಲ್ಲಿ ಈ ತಪ್ಪಿಗೆ ಕ್ಷಮೆಯಿಲ್ಲ.

4. ಪಟ್ಟಿಯನ್ನು ಮೂರು ಪಾಲು ಮಾಡಿ

ಮೊದಲ ಪಾಲು, ಅಸಲಿಯೇ ಆಗಬೇಕಾದದ್ದು: ಕಣ್ಣಿಗೆ ಕಾಣುವ, ನಂಬರಿರುವ ಸಾಮಾನು. ಯೇಗರ್ ಕಂಪನಿಯ ಮೀಟರುಗಳು, ಲೂಕಾಸ್ ದೀಪಗಳು, ಕಾರ್ಬುರೇಟರು, ರೇಡಿಯೇಟರ್ ಕವಚ, ಎಂಜಿನ್ ಬ್ಲಾಕು, ಹೆಡ್ಡು.

ಎರಡನೆಯದು, ನಕಲಾದರೂ ಸರಿ: ಟಾಪು, ಕಾರ್ಪೆಟ್ಟು, ವೈರಿಂಗ್ ಹಾರ್ನೆಸ್, ಎಕ್ಸಾಸ್ಟು.

ಮೂರನೆಯದು, ಹೊಸದೇ ಆಗಬೇಕಾದದ್ದು. ಇದರಲ್ಲಿ ಎನ್‌ಒಎಸ್ ಮೋಹ ಬೇಡವೇ ಬೇಡ. ಬ್ರೇಕ್ ಸಿಲಿಂಡರಿನ ರಬ್ಬರ್ ಸೀಲು, ಹೋಸು, ಎಂಜಿನ್ ಮೌಂಟು ಡಬ್ಬಿಯಲ್ಲಿದ್ದರೂ ವಯಸ್ಸಾಗಿ ಗಟ್ಟಿಯಾಗುತ್ತವೆ. ಹಳೇ ಡಬ್ಬಿಯ ಸೀಲು ಹಾಕಿದ ಬ್ರೇಕು ಗ್ಯಾರೇಜಿನಲ್ಲಿ ಹಿಡಿಯುತ್ತದೆ, ನಂದಿ ಬೆಟ್ಟದ ಇಳಿಜಾರಿನಲ್ಲಿ ಕೈಕೊಡುತ್ತದೆ. ಹಳೇ ಬ್ರೇಕ್ ಲೈನಿಂಗು, ಕ್ಲಚ್ ಪ್ಲೇಟು, ತಾಮ್ರದ ಹೆಡ್ ಗ್ಯಾಸ್ಕೆಟ್ಟಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಅವನ್ನು ಉಜ್ಜಬೇಡಿ, ಏರ್ ಗನ್ನಿನಿಂದ ಊದಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಪೆಟ್ರೋಲಿನ ದಾರಿಯೂ ಈ ಪಾಲಿಗೇ ಸೇರಿದ್ದು. ಬಂಕಿನಲ್ಲಿ ಈಗ ಸಿಗುವುದು ಇ20, ಅಂದರೆ ಶೇ 20 ಎಥನಾಲ್ ಬೆರೆತ ಪೆಟ್ರೋಲು. ಹಳೇ ರಬ್ಬರ್ ಹೋಸು, ಎಸ್‌ಯು ಪಂಪಿನ ಹಳೇ ಡಯಾಫ್ರಂ, ಟ್ಯಾಂಕಿನೊಳಗೆ ಬಳಿದ ಹಳೇ ಸೀಲರು ಇದನ್ನು ತಡೆಯುವುದಿಲ್ಲ. ಕಾರ್ಬುರೇಟರ್ ಜೆಟ್ಟಿನ ಸುತ್ತಲಿನ ಕಾರ್ಕ್ ಸೀಲಿನ ಮೇಲೂ ಕಣ್ಣಿರಲಿ. ಹೊರಗಿನ ಕವಚ ಅಸಲಿ ಇರಲಿ, ಒಳಗಿನ ಡಯಾಫ್ರಂ, ಸೀಲು, ಹೋಸುಗಳನ್ನು ಎಥನಾಲ್ ತಡೆಯುವ ಹೊಸ ಕಿಟ್ಟಿನಿಂದ ಹಾಕಿ. ಹೋಸಿಗೆ ವೈಟಾನ್ ಎಂಬ ರಬ್ಬರಿನ ಒಳಪದರದ್ದೇ ಕೇಳಿ.

5. ಬೆಂಗಳೂರಿನಲ್ಲಿ ಎಲ್ಲಿ, ಏನು

ಜೆ.ಸಿ. ರಸ್ತೆಯಲ್ಲಿ ಎಂಜಿ ಪಾರ್ಟ್ಸ್ ಕೇಳಬೇಡಿ, ಇಲ್ಲ ಎನ್ನುತ್ತಾರೆ. ಅಳತೆ ಹೇಳಿ ಬೇರಿಂಗು, ಆಯಿಲ್ ಸೀಲು, ಫ್ಯಾನ್ ಬೆಲ್ಟು, ತಾಮ್ರದ ವಾಷರು ಕೇಳಿ, ಸಿಗುತ್ತದೆ. ಬೇರಿಂಗಿನಲ್ಲಿ ಕಂಪನಿ ಬೇರೆಯಾದರೂ ಅಳತೆಗೆ ಸಮಾನ ನಂಬರಿರುತ್ತದೆ. ಉದಾಹರಣೆಗೆ, ಹಾಫ್‌ಮನ್ ಕಂಪನಿಯ ಎಲ್‌ಎಸ್10, ಆರ್ ಅಂಡ್ ಎಂ ಕಂಪನಿಯ ಎಲ್‌ಜೆ1, ಎಸ್‌ಕೆಎಫ್‌ನ ಆರ್‌ಎಲ್‌ಎಸ್8 ಮೂರೂ 1 ಇಂಚು ಒಳವ್ಯಾಸದ ಒಂದೇ ಬೇರಿಂಗು. ಬಳೆಯ ಮೇಲೆ ಕೆತ್ತಿದ ನಂಬರು ಬರೆದುಕೊಂಡು ಹೋದರೆ ಸಾಕು. ಎಲೆಕ್ಟ್ರಿಕಲ್ ವಿಚಾರದಲ್ಲಿ ನಮಗೊಂದು ಅನುಕೂಲವಿದೆ: ಚೆನ್ನೈನ ಲೂಕಾಸ್-ಟಿವಿಎಸ್ 1960ರ ದಶಕದಿಂದ ಲೂಕಾಸ್ ವಿನ್ಯಾಸದ ಸಾಮಾನು ಮಾಡಿದ್ದರಿಂದ, ಅಂಬಾಸಡರಿನ ಕಾಲದ ಡೈನಮೋ ಬ್ರಷ್ಷು, ಬುಷ್ಷು, ಟರ್ಮಿನಲ್ಲು ಹಳೇ ಅಂಗಡಿಗಳಲ್ಲಿ ಇನ್ನೂ ಸಿಗುತ್ತವೆ. ಪಕ್ಕದಲ್ಲಿಟ್ಟು ಹೋಲಿಸಿ ತನ್ನಿ.

ಶಿವಾಜಿನಗರದ ಗುಜರಿಯಲ್ಲಿ ಹೆಸರಿಗಿಂತ ಆಕಾರ ಹುಡುಕಬೇಕು. ಅಲ್ಲಿ ಎಂಜಿ ಎಂದು ಬೋರ್ಡು ಹಾಕಿ ಯಾರೂ ಕೂತಿರುವುದಿಲ್ಲ, ಎಂಜಿಯ ನೆಂಟರು ಸಿಗಬಹುದು. ಎಂಜಿ ವೈ ಟೈಪ್ ಸಲೂನಿನಲ್ಲಿ ಇದೇ ಎಂಜಿನ್ನು ಒಂಟಿ ಕಾರ್ಬುರೇಟರಿನೊಂದಿಗೆ ಇತ್ತು, ಟಿಡಿಯ ಚಾಸಿಸ್ ಹುಟ್ಟಿದ್ದೂ ಅದರಿಂದಲೇ. ವೂಲ್ಸ್‌ಲಿ 4/44ರದು ಇದರದೇ 1,250 ಸಿಸಿ ತಮ್ಮ. ಎಂಜಿನ್ನಿನ ಮೂಲ ಮಾರಿಸ್ ಟೆನ್ ಸೀರೀಸ್ ಎಂ. ಅದೇ ಕಾರು ಇಲ್ಲಿ ಹಿಂದುಸ್ತಾನ್ 10 ಎಂಬ ಹೆಸರಿನಲ್ಲಿ ಬಂತು. ಅದರ 1,140 ಸಿಸಿ ಎಂಜಿನ್ನಿನ ಬೋರು (ಸಿಲಿಂಡರಿನ ಒಳವ್ಯಾಸ) 63.5 ಎಂಎಂ, ಎಂಜಿಯದು 66.5, ಸ್ಟ್ರೋಕು (ಪಿಸ್ಟನ್ನು ಚಲಿಸುವ ದೂರ) ಎರಡರದೂ 90. ಹಾಗಾಗಿ ಪಿಸ್ಟನ್ನು ಬರುವುದಿಲ್ಲ, ಸಣ್ಣಪುಟ್ಟ ಭಾಗಗಳನ್ನು ಅಳೆದು ನೋಡಬಹುದು. ಈ ಹೆಸರುಗಳನ್ನು ಬಾಯಿಪಾಠ ಮಾಡಿಕೊಳ್ಳಿ. ಗುಜರಿಯಲ್ಲಿ "ಎಂಜಿ" ಎಂದೊಡನೆ ಬೆಲೆ ಏರುತ್ತದೆ, "ಹಳೇ ಮಾರಿಸ್" ಎಂದರೆ ಅಷ್ಟು ಏರುವುದಿಲ್ಲ.

ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಆಸುಪಾಸಿನ ಭಾನುವಾರದ ಸಂತೆಗೆ ಬೆಳಗಾಗುವ ಹೊತ್ತಿಗೇ ಹೋಗಿ. ಕಾರಿನ ಪಾರ್ಟಿಗಿಂತ ವಿಟ್‌ವರ್ತ್ ಸ್ಪ್ಯಾನರು, ಹಳೇ ಹಾರ್ನು, ಜ್ಯಾಕು ಸಿಗುವ ಸಂಭವ ಹೆಚ್ಚು. ಅವೆನ್ಯೂ ರಸ್ತೆಯ ಹಳೇ ಪುಸ್ತಕದವರಲ್ಲಿ ಮ್ಯಾನ್ಯುಯಲ್ ಕೇಳಿಡಿ.

ಇವೆಲ್ಲಕ್ಕಿಂತ ಹೆಚ್ಚು ಸಿಗುವುದು ಕ್ಲಬ್ಬಿನಲ್ಲಿ. ಕರ್ನಾಟಕ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ಬಿನಂಥ ಕಡೆ ಸದಸ್ಯರ ಮನೆಯ ಅಟ್ಟದಲ್ಲಿರುವ ಸಾಮಾನು ಯಾವ ಅಂಗಡಿಯಲ್ಲೂ ಇಲ್ಲ. ಆದರೆ ಅದು ದುಡ್ಡಿಗಿಂತ ಹೆಚ್ಚಾಗಿ ವಿನಿಮಯದಲ್ಲಿ ಕೈಬದಲಾಗುವ ಸಾಮಾನು. ನಿಮಗೆ ಬೇಡದ ಅಸಲಿ ಭಾಗವನ್ನು ಮಾರದೆ ಇಟ್ಟುಕೊಂಡಿರಿ, ಯಾವತ್ತೋ ಒಂದು ದಿನ ಅದೇ ನಾಣ್ಯವಾಗುತ್ತದೆ. ಕೇಳುವಾಗ "ಟಿಡಿಗೆ ಏನಾದ್ರೂ ಇದೆಯಾ ಸಾರ್?" ಎನ್ನಬೇಡಿ. ಪಾರ್ಟ್ ನಂಬರು, ಫೋಟೊ, ಅಳತೆ ಕೊಟ್ಟು ಒಂದೇ ಒಂದು ಭಾಗ ಕೇಳಿ.

ಪೂರ್ತಿ ಎಂಜಿನ್ನು ಕೊಳ್ಳುವುದಾದರೆ ಅದರ ದಾಖಲೆ ಪತ್ರ ಇಲ್ಲದೆ ಮುಟ್ಟಬೇಡಿ. ನಂಬರ್ ಪ್ಲೇಟು ಕಿತ್ತ ಬ್ಲಾಕು, ಬಿಡಿಯಾಗಿ ಮಾರುವ ಚಾಸಿಸ್ ಪ್ಲೇಟು ಎಷ್ಟೇ ಅಗ್ಗವಾದರೂ ಬೇಡ.

6. ಹೊರದೇಶದಿಂದ

ಎಸ್‌ಯು ಕಾರ್ಬುರೇಟರು, ಪಂಪಿನ ಭಾಗಗಳನ್ನು ಇಂಗ್ಲೆಂಡಿನ ಸಾಲ್ಸ್‌ಬರಿಯ ಬರ್ಲನ್ ಕಂಪನಿ ಈಗಲೂ ಎಸ್‌ಯು ಹೆಸರಿನಲ್ಲೇ ಮಾಡುತ್ತದೆ. ಕಾರ್ಬುರೇಟರಿನಲ್ಲಿ ಪೆಟ್ರೋಲಿನ ಪ್ರಮಾಣ ನಿಯಂತ್ರಿಸುವ ಸೂಜಿ ಅಂದರೆ ನೀಡಲ್, ಟಿಸಿ, ಟಿಡಿಗೆ ಮಾಮೂಲಿಯಾಗಿ "ಇಎಸ್" ಗುರುತಿನದು. ಕ್ಯಾಲಿಫೋರ್ನಿಯಾದ ಮಾಸ್ ಮೋಟರ್ಸ್ 1948ರಿಂದ ಇರುವ ಹೆಸರು. ಕ್ಯಾಟಲಾಗಿನ ಬಿಡಿಸಿಟ್ಟ ಚಿತ್ರಗಳು ಪಾರ್ಟು ಗುರುತಿಸಲು ತುಂಬಾ ಉಪಯೋಗ, ಆದರೆ ಅಲ್ಲಿರುವುದು ಬಹುಪಾಲು ನಕಲು ಎಂಬುದು ನೆನಪಿರಲಿ. ಅಸಲಿ ಬೇಕಿದ್ದರೆ ಎಂಜಿ ಕಾರ್ ಕ್ಲಬ್ಬಿನ ಟಿ ರಿಜಿಸ್ಟರ್, ಪ್ರತಿ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಬ್ಯೂಲಿಯಲ್ಲಿ ನಡೆಯುವ ಬಿಡಿಭಾಗದ ಸಂತೆ, ಅಮೆರಿಕದ ಹರ್ಷಿಯ ಅಕ್ಟೋಬರ್ ಸಂತೆ. ಅಲ್ಲಿರುವ ನೆಂಟರಿಗೆ ಫೋಟೊ ಕಳಿಸಿ ಹುಡುಕಿಸುವವರು ಬೇಕಾದಷ್ಟು ಜನ.

ಅಮೆರಿಕದಿಂದ ತರಿಸುವವರಿಗೊಂದು ಎಚ್ಚರಿಕೆ. ಟಿಡಿಗಳಲ್ಲಿ ಬಹುಪಾಲು ಅಲ್ಲಿಗೇ ಹೋದವು, ಎಲ್ಲ ಎಡಗೈ ಡ್ರೈವಿನವು. ಸ್ಟೀರಿಂಗ್ ರ‍್ಯಾಕು, ಡ್ಯಾಶ್‌ಬೋರ್ಡು, ಪೆಡಲ್ಲುಗಳ ಜೋಡಣೆ ನಮ್ಮ ಬಲಗೈ ಕಾರಿಗೆ ಹೊಂದುವುದಿಲ್ಲ. ಟಿಸಿ ಬಲಗೈ ಮಾತ್ರ ತಯಾರಾದದ್ದು, ಅದಕ್ಕೆ ಈ ಚಿಂತೆಯಿಲ್ಲ.

7. ದುಡ್ಡು ಕೊಡುವ ಮೊದಲಿನ ಪರೀಕ್ಷೆ

ದೂರದ ಮಾರಾಟಗಾರರಿಂದ ಇಷ್ಟು ಫೋಟೊ ಕೇಳಿ: ನಂಬರಿನ ಹತ್ತಿರದ ಚಿತ್ರ, ಹಿಂಭಾಗ, ಥ್ರೆಡ್ಡು, ವರ್ನಿಯರ್ ಹಿಡಿದು ಅಳೆಯುತ್ತಿರುವ ಚಿತ್ರ, ಜೊತೆಗೆ ನಿಮ್ಮ ಹೆಸರು ಮತ್ತು ಆ ದಿನದ ತಾರೀಕು ಬರೆದ ಚೀಟಿ. ಚೀಟಿ ಇಡಲು ಒಪ್ಪದವರ ಕೈಯಲ್ಲಿ ಸಾಮಾನು ಇಲ್ಲವೆಂದೇ ತಿಳಿಯಿರಿ.

ನಕಲಿನ ಗುರುತು: ಎರಕದ ಅಕ್ಷರಗಳ ಅಂಚು ಮೊಂಡಾಗಿರುವುದು, ಅಳತೆ ಅಸಲಿಗಿಂತ ಕೂದಲೆಳೆ ಚಿಕ್ಕದಿರುವುದು (ಅಸಲಿಯನ್ನೇ ಅಚ್ಚಿಗೆ ಒತ್ತಿದ್ದಾರೆ ಎಂದರ್ಥ), ತೂಕ ಕಡಿಮೆ ಇರುವುದು, ಒಂದು ಗೀಟಿನ ಸ್ಕ್ರೂ ಇರಬೇಕಾದಲ್ಲಿ ಪ್ಲಸ್ ತಲೆಯ ಸ್ಕ್ರೂ ಇರುವುದು. ಆಯಸ್ಕಾಂತ ಹಿಡಿದು ನೋಡಿ. ಹಿತ್ತಾಳೆ ಇರಬೇಕಾದ ರೇಡಿಯೇಟರ್ ಕವಚಕ್ಕೆ ಆಯಸ್ಕಾಂತ ಅಂಟಿದರೆ ತಗಡಿನದು.

ಹೆಡ್ಡು, ಕ್ರ್ಯಾಂಕು ಕೊಳ್ಳುವಾಗ ಬಿರುಕು ಪರೀಕ್ಷೆ ಆಗುವವರೆಗೆ ಪೂರ್ತಿ ಹಣ ಕೊಡಬೇಡಿ. ಈ ಎಂಜಿನ್ನಿನ ಹೆಡ್ಡು ವಾಲ್ವ್ ಸೀಟುಗಳ ನಡುವೆ ಸೀಳುತ್ತದೆ. ಕ್ರ್ಯಾಂಕನ್ನು ಗ್ರೈಂಡಿಂಗಿಗೆ ಕೊಡುವ ಮೊದಲೇ ಮ್ಯಾಗ್ನೆಟಿಕ್ ಪರೀಕ್ಷೆ ಮಾಡಿಸಿ. ಆಮೇಲೆ ಮಾಡಿಸಿದರೆ ಗ್ರೈಂಡಿಂಗಿನ ಕೂಲಿ ದಂಡ.

8. ಸಾಗಣೆ, ಸುಂಕ

ವಿಮಾನದ ಕೊರಿಯರಿನಲ್ಲಿ ತೂಕದಷ್ಟೇ ಗಾತ್ರಕ್ಕೂ ಬೆಲೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಿ. 120×60×50ರ ಪೆಟ್ಟಿಗೆ 72 ಕಿಲೋ ಎಂದು ಲೆಕ್ಕ, ಒಳಗಿರುವುದು ಎಂಟೇ ಕಿಲೋದ ಮಡ್‌ಗಾರ್ಡ್ ಆದರೂ. ಅಂಥವನ್ನು ಹಡಗಿನಲ್ಲಿ, ಇತರರ ಜೊತೆ ಸೇರಿ ತರಿಸಿ. ಇಂಗ್ಲೆಂಡಿನ ಅಂಗಡಿಯಾದರೆ ರಫ್ತಿಗೆ ಅಲ್ಲಿನ ಶೇ 20 ವ್ಯಾಟ್ ಇಲ್ಲ. ಬಿಲ್ಲಿನಲ್ಲಿ ಕಳೆದಿದ್ದಾರಾ ನೋಡಿ. ನಮ್ಮ ಕಸ್ಟಮ್ಸ್ ಸುಂಕ ಹಾಕುವುದು ಬೆಲೆ, ಸಾಗಣೆ, ವಿಮೆ ಮೂರರ ಮೊತ್ತದ ಮೇಲೆ. ಸುಂಕ ಸೇರಿದ ಮೊತ್ತದ ಮೇಲೆ ಜಿಎಸ್‌ಟಿ. ಕಾರಿನ ಬಿಡಿಭಾಗದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 18.

ಬಳಸಿದ ಸಾಮಾನಿನ ಆಮದಿಗೆ ನಮ್ಮಲ್ಲಿ ನಿರ್ಬಂಧವಿದೆ, ಡಿಜಿಎಫ್‌ಟಿಯ (ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ಅನುಮತಿ ಬೇಕು. ಎನ್‌ಒಎಸ್ ಆದರೆ "ಬಳಸದ ಹೊಸ ಸರಕು" ಎಂದು ಇನ್‌ವಾಯ್ಸಿನಲ್ಲಿ ಸ್ಪಷ್ಟವಾಗಿ ಬರೆಸಿ. ಎಪ್ಪತ್ತು ವರ್ಷದ ಮಾಸಲು ಡಬ್ಬಿ ನೋಡಿದ ಅಧಿಕಾರಿಗೆ ಅನುಮಾನ ಬರುವುದು ಸಹಜ. ಬೆಲೆ ಕಡಿಮೆ ತೋರಿಸುವ ಉಪಾಯ ಬೇಡ: ಪಾರ್ಸೆಲ್ ಹಿಡಿದರೆ ದಂಡ, ಕಳೆದರೆ ವಿಮೆಯೂ ಅಷ್ಟಕ್ಕೇ.

9. ಎಲ್ಲೂ ಸಿಗದಿದ್ದರೆ ಮಾಡಿಸಿ

ಪೀಣ್ಯದಲ್ಲಿ ಆಗದ ಲೇತ್ ಕೆಲಸವಿಲ್ಲ. ಆದರೆ ನಕ್ಷೆ ಮತ್ತು ಲೋಹದ ಹೆಸರು ನೀವೇ ಕೊಡಬೇಕು. ಹಿಂದಿನ ಹಾಫ್ ಶಾಫ್ಟಿಗೆ ಇಎನ್24 (ಗಟ್ಟಿ ಮಿಶ್ರಲೋಹದ ಉಕ್ಕು), ಕಿಂಗ್‌ಪಿನ್ ಬುಷ್ಷಿಗೆ ಫಾಸ್ಫರ್ ಬ್ರಾಂಜ್ ಎಂದು ಬರೆದು ಕೊಡಿ, ಲೋಹದ ಟೆಸ್ಟ್ ಸರ್ಟಿಫಿಕೇಟ್ ಕೇಳಿ. ಎರಕದ ಭಾಗವಾದರೆ ಮುರಿದ ಅಸಲಿಯನ್ನು ನೇರ ಅಚ್ಚಿಗೆ ಒತ್ತಬಾರದು: ತಣಿಯುವಾಗ ಅಲ್ಯೂಮಿನಿಯಂ ಸುಮಾರು ಶೇ 1.3, ಬೀಡು ಕಬ್ಬಿಣ ಸುಮಾರು ಶೇ 1 ಕುಗ್ಗುತ್ತದೆ. ಅಷ್ಟು ದೊಡ್ಡದಾಗಿ ಪ್ಯಾಟರ್ನ್ ಮಾಡಿಸಿ. ಕ್ರೋಮ್ ಪ್ಲೇಟಿಂಗಿಗೆ ಕೊಡುವಾಗ ನಂಬರಿರುವ ಜಾಗವನ್ನು ಬಫಿಂಗ್ ಚಕ್ರಕ್ಕೆ ಒಡ್ಡಬೇಡಿ ಎಂದು ಬರೆದು ಅಂಟಿಸಿ, ಬಾಯಲ್ಲಿ ಹೇಳಿದ್ದು ಸಂಜೆ ಪಾಳಿಗೆ ತಲುಪುವುದಿಲ್ಲ.

ಬಾಡಿಯ ಒಳಗಿನ ಮರ ಕಾರ್ಖಾನೆಯಲ್ಲಿ ಆಷ್ ಮರದ್ದಾಗಿತ್ತು. ಇಲ್ಲಿನ ಕಾರುಗಳಲ್ಲಿ ಹಿಂದೆ ಯಾರೋ ತೇಗ ಹಾಕಿಸಿರುವುದುಂಟು. ಗಟ್ಟಿಯಿದ್ದರೆ ಕೀಳಬೇಡಿ.

10. ಜೋಡಿಸುವ ಮೊದಲು ಎರಡು ವಿಷಯ

ಈ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯೇ ಬಾಡಿಗೆ ಅರ್ಥ್. ಎಲೆಕ್ಟ್ರಾನಿಕ್ ಪಂಪೋ ಇಗ್ನಿಷನ್ನೋ ತರಿಸುವಾಗ "ಪಾಸಿಟಿವ್ ಅರ್ಥ್" ಎಂದು ಹೇಳದಿದ್ದರೆ ಕೀ ತಿರುಗಿಸಿದ ಕ್ಷಣವೇ ಸುಡುತ್ತದೆ.

2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರನ್ನು ವಿಂಟೇಜ್ ಎಂದು "ವಿಎ" ಸರಣಿಯಲ್ಲಿ ನೋಂದಾಯಿಸಬಹುದು. ಹೊಸ ನೋಂದಣಿಗೆ ₹20,000, ಹತ್ತು ವರ್ಷದ ನಂತರ ನವೀಕರಣಕ್ಕೆ ₹5,000. ಹಳೇ ನೋಂದಣಿ ಇರುವವರು ಅದೇ ನಂಬರನ್ನು ಉಳಿಸಿಕೊಳ್ಳಬಹುದು. ಚಾಸಿಸ್, ಬಾಡಿ, ಎಂಜಿನ್ ಗಣನೀಯವಾಗಿ ಬದಲಾಗಿರಬಾರದು ಎಂಬುದು ಷರತ್ತು. ಪಾರ್ಟ್ಸ್ ಸಿಗಲಿಲ್ಲವೆಂದು ಬೇರೆ ಎಂಜಿನ್ನು ಕೂರಿಸುವ ಸಲಹೆ ಯಾವ ಗ್ಯಾರೇಜಿನಿಂದ ಬಂದರೂ ಈ ಷರತ್ತನ್ನು ತೋರಿಸಿ. ಕೊಂಡ ಪ್ರತಿ ಭಾಗದ ಬಿಲ್ಲು, ಬಿಚ್ಚುವಾಗಿನ ಫೋಟೊ, ಬ್ಲಾಕಿನ ಪ್ಲೇಟಿನ ಚಿತ್ರ ಒಂದೇ ಫೈಲಿನಲ್ಲಿರಲಿ. ತಪಾಸಣೆಗೆ ಹೋಗುವಾಗ ಕಾರಿನ ಜೊತೆ ಆ ಫೈಲನ್ನೂ ತೆಗೆದುಕೊಂಡು ಹೋಗಿ.